ವೆಬ್ ಪುಟದಿಂದ ಕಾಣೆಯಾದ ದನಿ

ನಟಿಯ ಮಗಳು ಮೆಟ್ಟಿಲು ಹತ್ತಿ ಬಂದ ರಭಸಕ್ಕೆ ಗಡಿಯಾರದಜ್ಜನ ಕೈಯಲ್ಲಿದ್ದ ಚಿಮಟ ಜಾರಿ ಚಹಾದ ಲೋಟಕ್ಕೆ ಬಿತ್ತು.

"ಅತ್ತೆ, ಅಮ್ಮನ ದನಿ ಕಳುವಾಗಿದೆ!"

ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಆ ಕಟ್ಟಡದ ಮೇಲಿನ ಮನೆಯಲ್ಲಿದ್ದ ಹೆಂಗಸನ್ನು ಬೀದಿಯವರೆಲ್ಲ ಇನ್‌ಸ್ಪೆಕ್ಟರ್ ಅತ್ತೆ ಎನ್ನುತ್ತಿದ್ದರು. ಕೆಳಗೆ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಅಜ್ಜ ಅವಳ ಹಳೆಯ ಜೊತೆಗಾರ, ಚಹಾದ ಹೊತ್ತಿಗೆ ಕೆಲಸ ಹಿಡಿದು ಮೇಲೆ ಬಂದು ಕೂರುತ್ತಿದ್ದ. ಅವಳು ಹೋದಲ್ಲೆಲ್ಲ ಹೋಗಿ, ಕಂಡದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬರುತ್ತಿದ್ದ. ಹೀಗೆ ಯಾರಾದರೂ ಓಡಿಬಂದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಮೊದಲು ಉಸಿರು ಬಿಡು. ದನಿ ಹ್ಯಾಗೆ ಕಳುವಾಗುತ್ತೆ?" ಎಂದಳು ಅತ್ತೆ.

ಹುಡುಗಿ ಹೇಳಿದಳು. ಅವಳ ಅಮ್ಮ ಹೆಸರಾಂತ ರಂಗನಟಿ. ಗಂಟಲಿನ ಆಪರೇಶನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದು, ಈಗ ಸ್ಲೇಟಿನಲ್ಲಿ ಬರೆದು ಮಾತಾಡುತ್ತಾರೆ. ಆಪರೇಶನ್ನಿಗೆ ಮೊದಲು ಮಕ್ಕಳ ಕತೆಯೊಂದನ್ನು ಓದಿ ರೆಕಾರ್ಡ್ ಮಾಡಿಸಿದ್ದರು. ಮಗಳು ಚಿತ್ರಗಳ ಜೊತೆಗೆ ಆ ದನಿಯನ್ನೂ ಸೇರಿಸಿ ಒಂದು ವೆಬ್ ಪುಟ ಮಾಡಿದ್ದಳು. ಅವತ್ತು ಸಂಜೆ ರಂಗಮಂದಿರದ ಪರದೆಯ ಮೇಲೆ ಊರಿನ ಮಕ್ಕಳೆದುರು ಅದರ ಉದ್ಘಾಟನೆ.

"ಬೆಳಗ್ಗೆ ಅಲ್ಲಿನ ಕಂಪ್ಯೂಟರಲ್ಲಿ ಒತ್ತಿದೆ, ಸದ್ದಿಲ್ಲ. ಮನೆಗೆ ಓಡಿಬಂದು ಲ್ಯಾಪ್‌ಟಾಪಲ್ಲಿ ಒತ್ತಿದೆ, ಅಲ್ಲೂ ಇಲ್ಲ! ನಿನ್ನೆ ತನಕ ಚೆನ್ನಾಗಿ ಕೇಳ್ತಿತ್ತು."

"ಇನ್ನೊಂದು ಪ್ರತಿ?"

"ರೆಕಾರ್ಡಿಂಗ್‌ನವರ ಹತ್ರ ಇತ್ತು, ಅಳಿಸಿಬಿಟ್ಟಿದ್ದಾರೆ. ಅವರೇ ಅತ್ತೆ! ತಮ್ಮ ಹೆಸರು ಸಣ್ಣಕ್ಷರದಲ್ಲಿ ಹಾಕಿದೆ ಅಂತ ಜಗಳ ಆಡಿದ್ರು. ಎಲ್ಲರೆದುರಿಗೇ ಕಳ್ಳ ಅಂದುಬಿಟ್ಟೆ."

"ಅಮ್ಮನಿಗೆ ಗೊತ್ತಾ?"

"ಇಲ್ಲ. ಬೆಳಗ್ಗೆ ಮನೆಯಿಂದ ಆಸ್ಪತ್ರೆಗೆ ಹೋದ್ರು, ಡ್ರೆಸ್ಸಿಂಗ್ ಬದಲಾಯಿಸ್ಕೊಂಡು ಸಂಜೆ ಬರ್ತಾರೆ." "ಆ ದನಿ ಇನ್ನೊಂದ್ಸಲ ಹುಟ್ಟಲ್ಲ ಅತ್ತೆ."

ಹುಡುಗಿಯ ಮನೆಯಲ್ಲಿ ಅವಳ ಸೋದರಮಾವ ಕೆಂಡವಾಗಿ ಕೂತಿದ್ದ. "ನಿನ್ನೆ ನಾನೇ ಕೇಳಿದೀನಿ. ಇವಳು ಬೀದಿಗೆಲ್ಲ ಕೇಳೋ ಹಾಗೆ ಹಾಕ್ತಾಳೆ, ನನ್ನ ಕಿವಿ ಮಿಷನ್ನು ಕುಂಯ್ ಅನ್ನುತ್ತೆ," ಎಂದು ಎರಡೂ ಕಿವಿ ಮುಟ್ಟಿಕೊಂಡ.

ಲ್ಯಾಪ್‌ಟಾಪಿಗೆ ಇಯರ್‌ಫೋನ್ ಚುಚ್ಚಿತ್ತು. "ಇದ್ಯಾರು ಚುಚ್ಚಿದ್ದು? ನಂಗೆ ಕಂಡ್ರಾಗಲ್ಲ," ಎಂದು ಮಗಳು ಕಿತ್ತು ಪಕ್ಕಕ್ಕೆಸೆದಳು. ಅತ್ತೆ ಅಳಿಸಿದ ಫೈಲುಗಳ ಬುಟ್ಟಿ ತೆಗೆಸಿದಳು. ಹಳೆಯ ಫೋಟೋಗಳೆಲ್ಲ ಅಲ್ಲಿದ್ದವು, ದನಿ ಇರಲಿಲ್ಲ.

"ದನಿ ಎಲ್ಲಿದೆ ಅಂತ ಈ ಪುಟಕ್ಕೆ ಹೇಳಿದೀಯಲ್ಲ, ಆ ಸಾಲು ತೋರಿಸು."

ಅಜ್ಜ ಕನ್ನಡಕ ಏರಿಸಿ ಬಗ್ಗಿದ. ಆ ಸಾಲಿನ ನಡುವೆ 'ಪುಟ್ಟಿಯ ಮೇಜು' ಎಂದಿತ್ತು. ಅದು ಹುಡುಗಿ ತನ್ನ ಲ್ಯಾಪ್‌ಟಾಪಿನ ಕಡತಕೋಶಕ್ಕೆ ಇಟ್ಟುಕೊಂಡ ಹೆಸರು.

"ಹೊರಗಿನವರು ಯಾರಾದ್ರೂ ಪುಟ ನೋಡಿದಾರಾ?"

"ಬೇರೆ ಊರಿಂದ ಚಿಕ್ಕಮ್ಮ ನೋಡಿ ಫೋನ್ ಮಾಡಿದ್ರು. ಚಿತ್ರ ಚೆಂದ, ಬಣ್ಣ ಚೆಂದ ಅಂತ ಹೊಗಳಿದ್ದೇ ಹೊಗಳಿದ್ದು."

"ದನಿ?"

"ಅದರ ಸುದ್ದಿ ಎತ್ತಲಿಲ್ಲ."

ರೆಕಾರ್ಡಿಂಗ್‌ನವನು ತನ್ನ ಸ್ಟುಡಿಯೋದಲ್ಲಿ ಮುಖ ಸಣ್ಣಗೆ ಮಾಡಿಕೊಂಡಿದ್ದ. "ಬೆಳಗ್ಗೆಯಿಂದ ಎರಡು ಕಡೆ ಕೆಲಸಕ್ಕೆ ಬರಬೇಡ ಅಂದ್ರು. 'ಕೇಳಿದೆ, ಸರಿಯಾಗಿದೆ' ಅಂತ ಮಾಡಿಸಿದವರು ಹೇಳೋ ತನಕ ನಾನು ರೆಕಾರ್ಡಿಂಗ್ ಕಾರ್ಡ್ ಅಳಿಸಲ್ಲ. ಲ್ಯಾಪ್‌ಟಾಪ್ ಇಲ್ಲಿಗೇ ತಂದಿದ್ಲು ಹುಡುಗಿ, ದನಿ ಅದಕ್ಕೆ ಹಾಕಿಕೊಟ್ಟೆ. ಆಮೇಲೆ 'ಪುಟದಲ್ಲಿ ಕೇಳಿದೆ, ಅದ್ಭುತ' ಅಂತ ಅವಳೇ ಹೇಳಿದ್ದು. ಅವರ ಮನೆ ಹೊಸ್ತಿಲೂ ತುಳಿದಿಲ್ಲಮ್ಮ ನಾನು."

ಹೊರಗೆ ಬಂದಾಗ ಅತ್ತೆಯ ಹೆಜ್ಜೆ ಚುರುಕಾಗಿತ್ತು. ಅಜ್ಜನಿಗೆ ತಡೆಯಲಾಗಲಿಲ್ಲ. "ಸಿಕ್ಕಿದನೇನೇ?"

"ಸಿಕ್ಕಿದಳು," ಎಂದಳು ಅತ್ತೆ.

ಸಂಜೆ ಮಕ್ಕಳು ಬರುವ ಮೊದಲೇ ಎಲ್ಲರೂ ರಂಗಮಂದಿರದಲ್ಲಿ ಸೇರಿದರು. ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡ ನಟಿಯೂ ಸ್ಲೇಟು ಹಿಡಿದು ಬಂದಳು. ವೇದಿಕೆಯ ಮೂಲೆಯಲ್ಲಿ ಅವಳಿಗಾಗಿ ಹೂವಿನಿಂದ ಅಲಂಕರಿಸಿದ ಕುರ್ಚಿಯಿತ್ತು.

"ಮೊದಲು ಒಂದು ಮಾತು. ಈ ಪುಟದಿಂದ ದನಿ ಕಳುವಾಗಿಲ್ಲ, ಯಾಕಂದ್ರೆ ಅಲ್ಲಿ ದನಿ ಇರಲೇ ಇಲ್ಲ," ಎಂದಳು ಅತ್ತೆ.

"ನಾನೇ ಕೇಳಿದೀನಲ್ಲ!" ಮಾವ ಎದ್ದು ನಿಂತ.

"ನೀವು ಕೇಳಿದ್ದು ಲ್ಯಾಪ್‌ಟಾಪಲ್ಲಿರೋ ಪುಟ. ಇವಳು ಪುಟ, ಚಿತ್ರ ಎಲ್ಲಾನೂ ಇಂಟರ್ನೆಟ್ಟಿಗೆ ಏರಿಸಿದಾಳೆ, ದನಿ ಏರಿಸೋದು ಮರೆತಿದಾಳೆ. ವಿಳಾಸ ಕೊಟ್ಟಿರೋದು ತನ್ನದೇ ಮೇಜಿಂದು. ಇವಳ ಮೇಜು ಲೋಕದವರಿಗೆ ಎಲ್ಲಿ ಸಿಗಬೇಕು? ಅದಕ್ಕೇ ಚಿಕ್ಕಮ್ಮ ಚಿತ್ರ ಹೊಗಳಿ ಸುಮ್ಮನಾಗಿದ್ದು."

ಮಗಳು ತಲೆ ಚಚ್ಚಿಕೊಂಡಳು. "ಮತ್ತೆ ಲ್ಯಾಪ್‌ಟಾಪಲ್ಲಿದ್ದದ್ದು?"

"ಅದನ್ನ ಮಾತ್ರ ಒಬ್ಬರು ತೆಗೆದಿದಾರೆ. ಮನೆಗೇ ಬಾರದ ರೆಕಾರ್ಡಿಂಗ್‌ನವರ ಕೈಲಿ ಅದಾಗಲ್ಲ. ಅಳಿಸಿದ್ರೆ ಬುಟ್ಟೀಲಿ ಸಿಗ್ತಿತ್ತು. ಸಿಗಲಿಲ್ಲ ಅಂದ್ರೆ ಜೋಪಾನವಾಗಿ ಎತ್ತಿಕೊಂಡು ಹೋಗಿದಾರೆ. ಎತ್ತೋ ಮುಂಚೆ ಇಯರ್‌ಫೋನ್ ಹಾಕಿ ಗುಟ್ಟಾಗಿ ಕೇಳಿದಾರೆ. ಮಗಳಿಗೆ ಇಯರ್‌ಫೋನ್ ಕಂಡ್ರಾಗಲ್ಲ. ಮಾವನ ಎರಡೂ ಕಿವೀಲಿ ಮಿಷನ್ನು." ಅತ್ತೆಯ ದನಿ ಮೆತ್ತಗಾಯಿತು. "ಮನೇಲಿ ಉಳಿದೋರು ಒಬ್ಬರೇ. ಆ ದನಿ ಅಳಿಸೋಕೆ ಕೈ ಬಾರದೋರೂ ಅವರೇ. ಅಲ್ವಾ ಅಕ್ಕ?"

ನಟಿ ಕೈಚೀಲದಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. ಸ್ಲೇಟಿನಲ್ಲಿ ಬರೆದಳು: 'ಹೂವಿನ ಕುರ್ಚೀಲಿ ಮೂಕಿಯಾಗಿ ಕೂತು ನನ್ನ ದನಿ ನಾನೇ ಕೇಳಬೇಕಾ? ಬದುಕಿರುವಾಗಲೇ ಶ್ರದ್ಧಾಂಜಲಿ ಬೇಡ.'

"ಅಮ್ಮ, ನಾನು ನಿನ್ನ ಒಂದು ಮಾತು ಕೇಳಲೇ ಇಲ್ಲ," ಎಂದು ಮಗಳು ಅತ್ತುಬಿಟ್ಟಳು. "ನಿಂಗೆ ಬೇಡ ಅಂದ್ರೆ ಬೇಡ. ಇವರನ್ನ ಸುಮ್ಮನೆ ಕಳ್ಳ ಅಂದೆ."

ನಟಿ ಬೆಚ್ಚಿ ರೆಕಾರ್ಡಿಂಗ್‌ನವನ ಕಡೆ ತಿರುಗಿದಳು. ಆ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ. ಎದ್ದುಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

"ಈ ದನಿ ನಾಲ್ಕು ಜನಕ್ಕೆ ಕೇಳಿಸಿದ್ರೆ ಸಾಕಮ್ಮ, ಕಳ್ಳ ಅಲ್ಲ ಅಂತ ನನ್ನ ಹೆಸರು ಉಳಿಯುತ್ತೆ," ಎಂದ ಅವನು.

ಹೊರಗೆ ಮಕ್ಕಳ ಗಲಾಟೆ ಶುರುವಾಗಿತ್ತು. ನಟಿ ಬಾಗಿಲ ಕಡೆ ನೋಡಿದಳು, ಖಾಲಿ ವೇದಿಕೆ ನೋಡಿದಳು. ಪೆನ್‌ಡ್ರೈವ್ ಎತ್ತಿ ಮಗಳ ಅಂಗೈಗೆ ಒತ್ತಿದಳು.

ಈ ಸಲ ಹುಡುಗಿ ತನ್ನ ಲ್ಯಾಪ್‌ಟಾಪ್ ತೆಗೆದು ದನಿಯನ್ನೂ ಏರಿಸಿ, ವಿಳಾಸ ತಿದ್ದಿದಳು. "ಇದರಲ್ಲಿ ಬೇಡ, ಅಜ್ಜನ ಫೋನಲ್ಲಿ ಒತ್ತಿ ನೋಡೋಣ," ಎಂದಳು ಅತ್ತೆ. ಅಜ್ಜ ಒತ್ತಿದ. "ಒಂದಾನೊಂದು ಕಾಡಲ್ಲಿ..." ಎಂದು ಅವನ ಅಂಗೈಯಿಂದಲೇ ಆ ಕಂಚಿನ ದನಿ ಎದ್ದಿತು!

ಮಕ್ಕಳು ನುಗ್ಗಿ ಬಂದು ಕೂತರು. ನಟಿ ಹೂವಿನ ಕುರ್ಚಿಯನ್ನು ತಾನೇ ಪಕ್ಕಕ್ಕೆ ತಳ್ಳಿ ವೇದಿಕೆಯ ನಡುವೆ ನಿಂತು, ಒತ್ತು ಎಂದು ಮಗಳಿಗೆ ಕೈ ಮಾಡಿದಳು. ದನಿ 'ಹುಲಿ ಬಂತು' ಎಂದಾಗ ಅವಳ ಬೆನ್ನು ಬಾಗಿ ಹುಲಿಯಾಯಿತು, ಬೆರಳು ಉಗುರಾದವು. ಮುಂದಿನ ಸಾಲಿನ ಮಕ್ಕಳು ಚೀರಿ ಒಬ್ಬರ ಮೇಲೊಬ್ಬರು ಬಿದ್ದರು.

ಕತೆ ಮುಗಿದಾಗ, "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಸೂರು ಹಾರುವಂತೆ ಕೂಗಿದರು. ನಟಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಮಗಳ ಕಡೆ ಮತ್ತೆ ಕೈ ಮಾಡಿದಳು.