ಎಣಿಕೆಗೆ ಒಂದೇ ಸಾವು

ಮೂರು ವರ್ಷ ಹೆಂಡತಿಯ ತಲೆ ಬಾಚಿದವನಿಗೆ, ಅವಳೇ ಬಾಚಿಕೊಂಡ ದಿನ ಎಂಥದೆಂದು ಬೇರೆಯವರಿಗೆ ಗೊತ್ತಾಗುವುದಿಲ್ಲ. ಬೆರಳ ಗಂಟುಗಳು ಸೊಟ್ಟಗಾಗಿ ಲೋಟ ಹಿಡಿಯಲಾರದವಳನ್ನು ಆ ಬಿಳಿ ಮಾತ್ರೆ ಎಬ್ಬಿಸಿ ನಿಲ್ಲಿಸಿತ್ತು. ಈಗ ಅದೇ ಮಾತ್ರೆಯ ಮೇಲೆ ನಾಲ್ಕು ಸಾವಿನ ವರದಿಗಳು ಅವನ ಮೇಜಿಗೆ ಬಂದಿದ್ದವು. ನಾಲ್ವರೂ ಐವತ್ತು ದಾಟಿದ ಹೆಂಗಸರು. ಮೊದಲು ಕಣ್ಣು ಹಳದಿ, ಆಮೇಲೆ ಲಿವರ್ ಕೈಕೊಟ್ಟಿದ್ದು.

ಔಷಧಿಯಿಂದಾದ ತೊಂದರೆಗಳನ್ನು ದಾಖಲಿಸುವ ಆ ಕಚೇರಿಯಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ ಸರ್ವಿಸು. ಮೂರು ಸಾವಾದರೆ ಮಾತ್ರೆ ಅಂಗಡಿಯಿಂದ ವಾಪಸು. ಸತ್ತವರಂತೂ ಸತ್ತರು, ಇದ್ದವಳ ಕೈ ಯಾಕೆ ಮತ್ತೆ ಸೊಟ್ಟಗಾಗಬೇಕು?

ಹರಿದುಹಾಕುವುದು ದಡ್ಡರ ಕೆಲಸ, ಹಾಳೆಗೆ ನಂಬರು ಬಿದ್ದಿರುತ್ತದೆ. ಅವನು ಒಂದನ್ನೂ ಹರಿಯಲಿಲ್ಲ. ಒಂದೇ ಸಾವನ್ನು ಡಾಕ್ಟರು, ನರ್ಸು, ಮಗ ಬೇರೆಬೇರೆ ಬರೆದು ಕಳಿಸುವುದು ದಿನಬೆಳಗಾದರೆ ಇದ್ದದ್ದೇ. ಅಂಥವನ್ನೆಲ್ಲ ಸೇರಿಸಿ ಪಿನ್ನು ಹೊಡೆದು ‘ನಕಲು’ ಎಂದು ಮೊಹರೊತ್ತುತ್ತಾರೆ. ಮುಂಬದಿಯಲ್ಲಿ ವಯಸ್ಸು, ಗಂಡೋ ಹೆಣ್ಣೋ, ಮಾತ್ರೆ, ತೊಂದರೆ. ಹೆಸರು, ವಿಳಾಸ ಹಿಂಬದಿಗೆ. ಉತ್ತರ ಬರೆಯುವಾಗಷ್ಟೇ ತಿರುವುವುದು. ನಕಲಿಗೆ ಉತ್ತರವಿಲ್ಲ. ಆ ನಾಲ್ಕಕ್ಕೂ ಅವನು ಹಾಗೇ ಪಿನ್ನು ಹೊಡೆದ, ನಾಲ್ಕು ಸಾವು ಒಂದಾಯಿತು.

ಮುಂದಿನ ತಿಂಗಳು ಐದನೆಯದು ಬಂತು. ಹೆಂಗಸು, ಐವತ್ನಾಲ್ಕು, ಕಣ್ಣು ಹಳದಿಯಾಗುತ್ತಿದೆ. ಅಕ್ಷರ ಒಂದನೇ ಕ್ಲಾಸಿನ ಮಗುವಿನಂತೆ ಅಂಕುಡೊಂಕು. ಇವಳು ಇನ್ನೂ ಬದುಕಿದ್ದಾಳೆ. ಮಾತ್ರೆ ನಿಲ್ಲಿಸಿ ಎಂದು ಒಂದು ಸಾಲು ಬರೆದರೆ ಉಳಿದಾಳು. ಆದರೆ ಉತ್ತರ ಬರೆದರೆ ಎಣಿಸಲೇಬೇಕು, ಎಣಿಸಿದರೆ ಹಳೆಯ ಕಟ್ಟು ಬಿಚ್ಚುತ್ತಾರೆ. ಮೊಹರು ಹಿಡಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಒತ್ತಿತು, ಹಾಳೆಯನ್ನು ಹಳೆಯ ಕಟ್ಟಿಗೇ ಸೇರಿಸಿತು.

ಮನೆಯಲ್ಲಿ ಹೆಂಡತಿ ಈಗೀಗ ತಾನಾಗಿಯೇ ಮೆಟ್ಟಿಲಿಳಿದು ಅಂಚೆ ಪೆಟ್ಟಿಗೆ ನೋಡಿ ಬರುತ್ತಿದ್ದಳು. ಅವನಿಗೆ ಅದೇ ಹಬ್ಬ. ಅವಳು ಕಪ್ಪು ಕನ್ನಡಕ ಹಾಕಿ ಕೂತಾಗ ಛೇಡಿಸಿದ.

“ಏನೇ, ಈ ವಯಸ್ಸಲ್ಲಿ ಸಿನಿಮಾಕ್ಕೆ ಸೇರ್ತೀಯಾ?”

“ಬಿಸಿಲು ಚುಚ್ಚುತ್ತೆ ಕಣ್ರೀ,” ಎಂದಳು.

ಎರಡು ತಿಂಗಳಿಗೆ ಅವಳು ಹೋದಳು. ಆಸ್ಪತ್ರೆಯಲ್ಲಿ ಕನ್ನಡಕ ತೆಗೆದಾಗಲೇ ಅವನು ಆ ಕಣ್ಣು ನೋಡಿದ್ದು. ಮಾತ್ರೆಯಿಂದ ಒಂದೇ ಸಾವು ಅಂತ ನಿಮ್ಮವರೇ ಬರೆದಿದ್ರಲ್ಲ ಎಂದು ಡಾಕ್ಟರು ಮರುಗಿದರು. ಅವನು ತಲೆಯಾಡಿಸಿದ.

ಅವಳ ಸಾವಿನ ವರದಿ ಅವನ ಮೇಜಿಗೇ ಬಂತು. ಅದಕ್ಕೆ ಮೊಹರೊತ್ತಲು ಕೈ ಬರಲಿಲ್ಲ. ಎಲ್ಲರನ್ನೂ ಎಣಿಸಿಬಿಡೋಣ, ಆಗುವುದಾಗಲಿ ಎಂದು ಹಳೆಯ ಕಟ್ಟಿನ ಪಿನ್ನು ಕಿತ್ತ. ಐದನೆಯ ಹಾಳೆ ಜಾರಿ ಮಗುಚಿ ಬಿತ್ತು. ಹಿಂಬದಿಯಲ್ಲಿ ಅವನ ಮನೆಯ ವಿಳಾಸ. ಮೂರು ವರ್ಷ ಪೆನ್ನು ಹಿಡಿಯದವಳ ಅಕ್ಷರ ಅವನಿಗೆ ಗುರುತು ಸಿಕ್ಕಿರಲಿಲ್ಲ. ಕೆಳಗೆ ಬರೆದಿದ್ದಳು: ‘ನಮ್ಮನೆಯವರು ನಿಮ್ಮಲ್ಲೇ ಕೆಲಸ ಮಾಡೋದು. ಅವರಿಗೆ ತಿಳಿಸಬೇಡಿ, ನನ್ನ ಕೈ ಸರಿಹೋಯ್ತು ಅಂತ ತುಂಬ ಖುಷಿಯಾಗಿದ್ದಾರೆ. ಮಾತ್ರೆ ನಿಲ್ಲಿಸಬೇಕಾದರೆ ಒಂದು ಸಾಲು ಬರೆಯಿರಿ, ನಿಲ್ಲಿಸುತ್ತೇನೆ.’