ಎಡಕ್ಕೆ ತಿರುಗಿದ ಹಿಡಿ

ನಮ್ಮದು ತಲೆತಲಾಂತರದಿಂದ ಕತ್ತಿ ಹಿಡಿದವರ ಮನೆತನ. ಈಗ ನಾವು ಹಿಡಿಯುವುದು ಟಿವಿ ರಿಮೋಟು ಮಾತ್ರ. ಗೋಡೆಗೆ ಹೊಸ ಬಣ್ಣ ಬಳಿಸಿದ ಮೇಲೆ ಮುತ್ತಾತನ ಕತ್ತಿಗೆ ಎಣ್ಣೆ ಸವರಿ, ಹಿಡಿ ಬಲಕ್ಕೆ ಬರುವಂತೆ ನಾನೇ ತೂಗುಹಾಕಿದೆ. ಊಟ ಮುಗಿಸಿ ಬಂದರೆ ಹಿಡಿ ಎಡಕ್ಕಿತ್ತು.

"ನಿನ್ನ ಮುತ್ತಾತ ಎಡಚರು ಕಣೋ, ಹಾಗೇ ಬಿಡು," ಅಂದರು ಸೋದರತ್ತೆ.

ಬಿಟ್ಟರೆ ನಾನೆಂಥವನು! ಮತ್ತೆ ಬಲಕ್ಕೆ ತಿರುಗಿಸಿ, ಸಾಬೂನು ಹಚ್ಚಿ ಕೈ ತೊಳೆದು, ಎದುರಿಗೇ ಕುರ್ಚಿ ಹಾಕಿಕೊಂಡು ಕಣ್ಣು ಕೀಳದೆ ಕೂತೆ. ಕತ್ತಿ ಅಲುಗಲೇ ಇಲ್ಲ. ಅತ್ತೆ ಕಾಫಿ ತಂದುಕೊಟ್ಟು ನನ್ನನ್ನೇ ನೋಡಿದರು.

"ಎಡಗೈಲಿ ಯಾವಾಗಿಂದ ಕುಡಿಯೋಕೆ ಶುರುಮಾಡಿದೆ?"

ಬೆಚ್ಚಿ ಲೋಟವನ್ನು ಬಲಗೈಗೆ ಬದಲಿಸಿ ಗೋಡೆ ನೋಡಿದೆ. ಹಿಡಿ ಎಡಕ್ಕಿತ್ತು. ನನ್ನ ಎಡ ಅಂಗೈಗೆ ಕತ್ತಿಯ ಎಣ್ಣೆ ಮೆತ್ತಿತ್ತು. ನಾನು ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲ.