ಅಮ್ಮನ ನಿಜವಾದ ಬಣ್ಣ

“ಮಾಮ, ಅಜ್ಜಿ ಹಸಿರಾಗಿಬಿಟ್ರು,” ಎಂದಳು ಚೋಟಿ.

ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ ಸ್ಟುಡಿಯೋ ಮಾಮ ಕನ್ನಡಕವನ್ನು ಹಣೆಗೇರಿಸಿ ಕಂಪ್ಯೂಟರಿನತ್ತ ಬಗ್ಗಿದರು. ನಿಜವೇ. ಪರದೆಯ ಮೇಲೆ ಅಜ್ಜಿ ಎಳೆ ಸೌತೆಕಾಯಿಯಂತಿದ್ದರು. ಅವರ ತೊಡೆಯ ಮೇಲೆ ಕೂತ ಎರಡು ವರ್ಷದ ಚೋಟಿ ಹಸಿರು. ಪಕ್ಕದಲ್ಲಿದ್ದ ಅಮ್ಮನೂ ಹಸಿರು.

“ಆಟೋ ಬಟನ್ ಒತ್ತಿದ್ಯಾ?”

“ಹೂಂ. ನಾಲ್ಕು ಸಲ.”

“ಅದಕ್ಕೇನು ಗೊತ್ತು ನಿಮ್ಮಜ್ಜಿ ಬಣ್ಣ? ಯಾವತ್ತಾದ್ರೂ ನಿಮ್ಮನೆಗೆ ಬಂದಿತ್ತಾ ಅದು?”

ಚೋಟಿಗೆ ನಗು ಬಂತು. ಈಗ ಅವಳಿಗೆ ಹನ್ನೊಂದು ವರ್ಷ. ಮೂರು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಅಪ್ಪನ ಹಳೇ ಕ್ಯಾಮೆರಾದಲ್ಲಿ ತೆಗೆದ ಈ ಫೋಟೊ ಮನೆಯ ಗೋಡೆಯ ಮೇಲಿತ್ತು. ಇಡೀ ಫೋಟೊ ಅರಿಸಿನ ಬಳಿದಂತೆ ಹಳದಿ.

“ಫಿಲ್ಮ್ ಹಳೇದು ಕಣೇ. ನಿಮ್ಮಮ್ಮ ಹಾಗಿರ್ಲಿಲ್ಲ,” ಎನ್ನುತ್ತಿದ್ದ ಅಪ್ಪ.

“ಮತ್ತೆ ಹೇಗಿದ್ಲು?” ಎಂದರೆ, ಏನೋ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ.

ಅದಕ್ಕೇ ಚೋಟಿ ಬೀರುವಿನ ಮೂಲೆಯಲ್ಲಿದ್ದ ನೆಗೆಟಿವ್ ಹುಡುಕಿ ತಂದಿದ್ದಳು. ಮೂರು ದಿನದಿಂದ ಸ್ಕೂಲ್ ಬಿಟ್ಟ ಕೂಡಲೇ ಸ್ಟುಡಿಯೋಗೆ ಓಡಿ ಬರುತ್ತಿದ್ದಳು. ಸ್ಕ್ಯಾನ್ ಮಾಡುವುದು ಸುಲಭ. ಬಣ್ಣ ತರುವುದೇ ಕಷ್ಟ.

“ನೋಡು,” ಎಂದರು ಮಾಮ. “ನೆಗೆಟಿವ್‌ನಲ್ಲಿ ಎಲ್ಲದರ ಮೇಲೂ ಒಂದು ಕಿತ್ತಳೆ ಬಣ್ಣ ಕೂತಿರುತ್ತೆ. ಮೊದಲು ಅದನ್ನ ತೆಗಿ. ಆಮೇಲೆ ಫೋಟೊದಲ್ಲಿ ನಿಜವಾಗ್ಲೂ ಬೆಳ್ಳಗಿದ್ದದ್ದು ಯಾವುದು ಅಂತ ಹುಡುಕಿ ಅದರ ಮೇಲೆ ಒತ್ತು. ಅದು ಬೆಳ್ಳಗಾದ್ರೆ ಮಿಕ್ಕಿದ್ದೆಲ್ಲ ತಾನಾಗೇ ದಾರಿಗೆ ಬರುತ್ತೆ.”

ಫೋಟೊದಲ್ಲಿ ಅಮ್ಮನ ಮುಂದಿನ ಮೇಜಿನ ಮೇಲೆ ಒಂದು ತಟ್ಟೆ ಕಾಣುತ್ತಿತ್ತು. ಅಂಚು ಸ್ವಲ್ಪ ಒಡೆದ ಪಿಂಗಾಣಿ ತಟ್ಟೆ. ಚೋಟಿ ಇವತ್ತಿಗೂ ಉಣ್ಣುವುದು ಅದರಲ್ಲೇ. ಅದರ ಬಿಳುಪು ಅವಳಿಗೆ ಚೆನ್ನಾಗಿ ಗೊತ್ತು.

ಅವಳು ತಟ್ಟೆಯ ಮೇಲೆ ಒತ್ತಿದಳು.

ತಟ್ಟೆ ಬೆಳ್ಳಗಾಯಿತು. ಕಿಟಕಿಯ ಪರದೆಬಟ್ಟೆ ನೀಲಿಯಾಯಿತು. ಅಜ್ಜಿಗೆ ಅಜ್ಜಿಯ ಕಂದುಬಣ್ಣ ಬಂತು. ಪುಟ್ಟ ಚೋಟಿಯ ಕೆನ್ನೆಗೆ ರಂಗೇರಿತು.

ಅಮ್ಮ ಮಾತ್ರ ಹಳದಿಯಾಗಿಯೇ ಉಳಿದಳು.

ಚೋಟಿ ಅಮ್ಮನ ಮುಖವನ್ನು ದೊಡ್ಡದು ಮಾಡಿ ನೋಡಿದಳು. ಅಮ್ಮನ ಕಣ್ಣಿನ ಬಿಳಿ ಕೂಡ ಹಳದಿ. ಎಲ್ಲೋ ತಪ್ಪಿದೆ ಎಂದುಕೊಂಡು ಮೊದಲಿಂದ ಮಾಡಿದಳು. ಮತ್ತೆ ಅದೇ. ಅಮ್ಮನ ಮುಖ ಸರಿಮಾಡಲು ಹೋದರೆ ತಟ್ಟೆ ನೀಲಿಯಾಗುತ್ತಿತ್ತು, ಅಜ್ಜಿ ಮಸಿಯಾಗುತ್ತಿದ್ದರು. ಇತ್ತ ಎಳೆದರೆ ಅತ್ತ ಸಾಲದು.

“ಮಾಮ, ನಾನೆಲ್ಲಿ ತಪ್ಪು ಮಾಡ್ದೆ?”

ಮಾಮ ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ.

“ನೀನು ತಪ್ಪು ಮಾಡಿಲ್ಲಮ್ಮ.”

ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಅಪ್ಪ ಬಂದ. ಪರದೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

“ಫಿಲ್ಮು...” ಎಂದ.

“ಅಜ್ಜಿ ಸರಿಯಾಗಿದಾರೆ ಅಪ್ಪ. ನಾನೂ ಸರಿಯಾಗಿದೀನಿ,” ಎಂದಳು ಚೋಟಿ. “ಅಮ್ಮ ಯಾಕೆ ಹೀಗೆ?”

ಅಪ್ಪ ಸ್ಟೂಲಿನ ಮೇಲೆ ಕುಸಿದ.

“ಆಯಾಸ ಅಂತಿದ್ಲು. ನಿದ್ದೆ ಸಾಲ್ತಿಲ್ಲ, ಅಷ್ಟೇ ಅಂತಿದ್ಲು. ಈ ಫೋಟೊ ತೆಗೆಯೋವಾಗ ನಾನು ನಗು ಅಂದೆ. ಮೂರು ಸಲ ನಗು ಅಂದೆ.” ಅವನ ದನಿ ಒಣಗಿತ್ತು. “ಡಾಕ್ಟರ್ ಹತ್ರ ಹೋಗಿದ್ದು ಒಂದು ತಿಂಗಳಾದ್ಮೇಲೆ. ಕಾಮಾಲೆ, ಲಿವರ್ ಪೂರ್ತಿ ಕೆಟ್ಟಿದೆ, ತಡವಾಯ್ತು ಅಂದ್ರು.”

ಚೋಟಿ ಅಪ್ಪನತ್ತ ತಿರುಗಿದಳು.

“ನೀನು ಕ್ಯಾಮೆರಾದಲ್ಲಿ ನೋಡ್ತಾ ಇದ್ಯಲ್ಲ.”

“ನೋಡ್ತಾ ಇದ್ದೆ,” ಎಂದ ಅಪ್ಪ. “ಬೆಳಕು ಸರಿಯಾಗಿದೆಯಾ ಅಂತ ನೋಡ್ತಾ ಇದ್ದೆ.”

ಸ್ಕ್ಯಾನರ್ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

“ಅವಳ ಮುಖ ಒಂದಿಷ್ಟು ಕೆಂಪು ಮಾಡೋಕಾಗಲ್ವಾ?” ಎಂದು ಅಪ್ಪ ಮೆಲ್ಲಗೆ ಕೇಳಿದ.

“ಎಷ್ಟು ಕೆಂಪು? ಚೆನ್ನಾಗಿದ್ದಾಗ ಅಮ್ಮ ಹೇಗಿದ್ಲು? ನೀನು ಹೇಳು, ಹಾಗೇ ಮಾಡ್ತೀನಿ.”

ಚೋಟಿ ಮೌಸ್ ಹಿಡಿದು ಕಾದಳು. ಅಪ್ಪ ಬಾಯಿ ತೆರೆದ. ಪರದೆ ನೋಡಿದ, ಚೋಟಿಯ ಮುಖ ನೋಡಿದ, ಮತ್ತೆ ಪರದೆ ನೋಡಿದ.

“ಇದೇ ಫೋಟೊ ನೋಡಿ ನೋಡಿ...” ಎಂದ. “ನಂಗೂ ನೆನಪಾಗ್ತಿಲ್ಲ ಕಣೇ.”

ಚೋಟಿಗೆ ಅಪ್ಪನ ಮೇಲೆ ಬಂದ ಸಿಟ್ಟು ಹೋಗಲಿಲ್ಲ. ಆದರೆ ಅವಳು ಮತ್ತೇನೂ ಕೇಳಲಿಲ್ಲ. ಫೋಟೊವನ್ನು ಇದ್ದ ಹಾಗೆಯೇ ಸೇವ್ ಮಾಡಿದಳು. ಆಮೇಲೆ ತನ್ನ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಅಪ್ಪನ ಸ್ಟೂಲಿಗೆ ಜಾಗ ಬಿಟ್ಟಳು.